ಜಾತ್ರೆಯ ತೊಟ್ಟಿಲು, ಪಾರ್ಕಿನ ಬೋರ್ಡು, ನನ್ನ ವೀಲ್‌ಚೇರ್

ಯಾವ ಥೀಮ್ ಪಾರ್ಕಿಗೆ ಫೋನ್ ಮಾಡಿ ಕೇಳಿದರೂ ಮೊದಲ ಉತ್ತರ ಒಂದೇ. "ವೀಲ್‌ಚೇರ್ ಇದೆ ಸಾರ್, ಬನ್ನಿ." ನನ್ನ ಹತ್ತಿರ ನನ್ನದೇ ವೀಲ್‌ಚೇರ್ ಇದೆ. ನಾನು ಕೇಳಿದ್ದು ಅದನ್ನಲ್ಲ. ಟಾಯ್ಲೆಟ್ ಬಾಗಿಲು ಎಷ್ಟು ಅಗಲ? ಕ್ಯೂ ನಿಲ್ಲುವ ಕಂಬಿಗಳ ನಡುವೆ ಕುರ್ಚಿ ತಿರುಗುತ್ತಾ? ರೈಡ್ ಹತ್ತುವ ಕಡೆ ಮೆಟ್ಟಿಲಾ, ಇಳಿಜಾರಾ? ಇಷ್ಟು ಕೇಳುವ ಹೊತ್ತಿಗೆ ಆ ಕಡೆಯ ದನಿ ಸಣ್ಣಗಾಗುತ್ತದೆ. "ನಮ್ ಹುಡುಗ್ರು ಇದಾರೆ ಸಾರ್. ಎತ್ತಿ ಕೂರಿಸ್ತಾರೆ, ಏನೂ ಯೋಚ್ನೆ ಮಾಡ್ಬೇಡಿ." ಅಲ್ಲಿಗೆ ಫೋನ್ ಇಡಬೇಕು.

ಎತ್ತಿ ಕೂರಿಸೋದು. ನಮ್ಮ ಕಡೆ ಎಲ್ಲ ಮೆಟ್ಟಿಲಿಗೂ ಇದೊಂದೇ ಮದ್ದು. ಮದುವೆ ಛತ್ರದಲ್ಲಿ ಊಟದ ಹಾಲ್ ನೆಲಮಾಳಿಗೆಯಲ್ಲಿ ಇರುತ್ತದೆ. ಯಾರೋ ಒಬ್ಬರು ಕೈಬೀಸುತ್ತಾರೆ, ನಾಲ್ಕು ಜನ ಬರುತ್ತಾರೆ, ನನ್ನನ್ನು ಎತ್ತಿಕೊಂಡು ಇಳಿಯುತ್ತಾರೆ. ಎತ್ತುವವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಮಂಡಿ ಕೆಳಗೆ ಹಿಡಿಯುತ್ತಾನೆ, ಮೂರನೆಯವನು ಎಲ್ಲಿ ಹಿಡಿಯಬೇಕು ಅಂತ ಗೊತ್ತಾಗದೆ ಬೆಲ್ಟ್ ಹಿಡಿಯುತ್ತಾನೆ. ಪ್ಯಾಂಟು ಜಾರದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕೆಳಗಿಳಿಸಿದ ಮೇಲೆ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು. ಊಟ ಆದ ಮೇಲೆ ಮತ್ತೆ ಅದೇ ನಾಲ್ಕು ಜನರನ್ನು ಹುಡುಕಬೇಕು.

ನಾನು ಪೋಲಿಯೊ ಕಾಲದವನು. ಭಾರತ ಪೋಲಿಯೊ ಮುಕ್ತ ಅಂತ 2014ರ ಮಾರ್ಚ್‌ನಲ್ಲಿ ಪ್ರಮಾಣಪತ್ರ ಸಿಕ್ಕಿತು. ನನ್ನ ಕಾಲಿಗೆ ಅದರಿಂದ ಏನೂ ಆಗಬೇಕಿರಲಿಲ್ಲ, ತಮ್ಮನ ಮಕ್ಕಳು ಓಡಾಡುವುದನ್ನು ನೋಡಿದಾಗ ಮಾತ್ರ ಸಮಾಧಾನ ಆಗುತ್ತದೆ. ಚಿಕ್ಕಂದಿನಲ್ಲಿ ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಪಟ್ಟಿ ಹಾಕಿಕೊಂಡು, ಊರುಗೋಲು ಊರಿಕೊಂಡು ಓಡಾಡಿದೆ. ವಯಸ್ಸಾದ ಹಾಗೆ ಭುಜ ಕೈಕೊಟ್ಟಿತು. ಈಗ ದೂರಕ್ಕೆಲ್ಲ ವೀಲ್‌ಚೇರ್. ತುಮಕೂರಿನೊಳಗೆ ಸೈಡ್ ವೀಲ್ ಹಾಕಿಸಿದ ಸ್ಕೂಟರ್. ಬಿ.ಎಚ್. ರಸ್ತೆಯಲ್ಲಿ ಅದರ ಮೇಲೆ ಹೋಗುವಾಗ ನಾನೂ ಎಲ್ಲರ ಹಾಗೆ ಹಾರ್ನ್ ಹೊಡೆಯುತ್ತೇನೆ, ಬೈಸಿಕೊಳ್ಳುತ್ತೇನೆ, ಬೈಯುತ್ತೇನೆ.

ಆದರೆ ಈ ಸ್ಕೂಟರ್ ಪಾರ್ಕಿಂಗ್‌ವರೆಗೆ ಮಾತ್ರ. ಪೆಟ್ರೋಲ್ ಗಾಡಿಯನ್ನು ಯಾರೂ ಗೇಟಿನೊಳಗೆ ಬಿಡುವುದಿಲ್ಲ, ಬಿಡಲೂಬಾರದು. ಅಮೆರಿಕದ ಪಾರ್ಕುಗಳ ವೀಡಿಯೊಗಳಲ್ಲಿ ಕಾಣುವ ಮೊಬಿಲಿಟಿ ಸ್ಕೂಟರ್ ಬೇರೆ ಥರದ್ದು. ಕುರ್ಚಿಯಂಥ ಸೀಟು, ಎದುರಿಗೆ ಹ್ಯಾಂಡಲ್, ಕೆಳಗೆ ಬ್ಯಾಟರಿ, ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿ. ಡಿಸ್ನಿ ಪಾರ್ಕುಗಳಲ್ಲಿ ಇದನ್ನು ಇಸಿವಿ (ಎಲೆಕ್ಟ್ರಿಕ್ ಕನ್ವೇಯನ್ಸ್ ವೆಹಿಕಲ್) ಅಂತ ಕರೆದು ದಿನದ ಬಾಡಿಗೆಗೆ ಕೊಡುತ್ತಾರೆ. ಅದರ ಮೇಲೆ ಕೂತವರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ನಡೆದಾಡುವವರೇ ಇರಬೇಕು ಅಂತ ನನಗೆ ಅನಿಸುತ್ತದೆ. ಮಂಡಿ ನೋವು, ಹಾರ್ಟ್ ಆಪರೇಷನ್, ವಯಸ್ಸು. ಇಡೀ ದಿನ ನಡೆಯೋಕೆ ಆಗಲ್ಲ, ಅಷ್ಟೇ. ನಮ್ಮಲ್ಲಿ ಇಂಥವರು ಪಾರ್ಕಿನಲ್ಲಿ ಏನು ಮಾಡುತ್ತಾರೆ ಅಂದರೆ, ಗೇಟಿನ ಹತ್ತಿರದ ಮರದ ಕೆಳಗೆ ಚಪ್ಪಲಿ ಕಾಯುತ್ತಾ ಕೂರುತ್ತಾರೆ. "ನೀವು ಆಡ್ಕೊಂಡ್ ಬನ್ನಿ, ನಾನಿಲ್ಲೇ ಇರ್ತೀನಿ." ಪ್ರತಿ ಮನೆಯಲ್ಲೂ ಈ ಮಾತು ಹೇಳುವ ಒಬ್ಬ ಅಮ್ಮ, ಒಬ್ಬ ಅಜ್ಜ ಇದ್ದಾರೆ. ಅವರಿಗೂ ಪೂರ್ತಿ ಟಿಕೆಟ್ ಕೊಟ್ಟಿರುತ್ತೀವಿ.

ನಮ್ಮ ದೇಶದಲ್ಲೇ ಒಂದು ನಡುದಾರಿ ಬಂದಿದೆ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಅನ್ನುವ ಕಂಪನಿ 2020ರಲ್ಲಿ ನಿಯೋಬೋಲ್ಟ್ ಅಂತ ಒಂದು ಮೋಟಾರ್ ಗಾಲಿ ತಂದಿತು. ಅವರದೇ ವೀಲ್‌ಚೇರಿನ ಮುಂದೆ ಸಿಕ್ಕಿಸಿದರೆ ಮೂರು ಗಾಲಿಯ ಗಾಡಿ ಆಗುತ್ತದೆ. ಗಂಟೆಗೆ 25 ಕಿಲೋಮೀಟರ್‌ವರೆಗೆ ಓಡುತ್ತದೆ, ಒಂದು ಚಾರ್ಜಿಗೆ 30 ಕಿಲೋಮೀಟರ್‌ವರೆಗೆ ಬರುತ್ತದೆ. ಗೇಟ್ ಬಂದರೆ ಮುಂದಿನ ಭಾಗ ಬಿಚ್ಚಿಟ್ಟು ಕುರ್ಚಿಯಲ್ಲೇ ಒಳಗೆ ಹೋಗಬಹುದು. ಸ್ಕೂಟರ್‌ನಿಂದ ಕುರ್ಚಿಗೆ, ಕುರ್ಚಿಯಿಂದ ಸ್ಕೂಟರ್‌ಗೆ ಜಿಗಿಯುವ ತಾಪತ್ರಯ ಇಲ್ಲ. ನಾನಿನ್ನೂ ತಗೊಂಡಿಲ್ಲ. ಆಸೆ ಇದೆ.

ಇನ್ನು ಆಟದ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಹತ್ತಿದ್ದು ಥೀಮ್ ಪಾರ್ಕಿನ ರೈಡ್ ಅಲ್ಲ. ನಮ್ಮೂರಿನವರು ಯಾರೂ ಮೊದಲು ಹತ್ತಿದ್ದು ಅದಲ್ಲ. ನಮಗೆಲ್ಲ ಮೊದಲು ಬಂದದ್ದು ಜಾತ್ರೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನದ ಜಾತ್ರೆ ಸೇರುತ್ತದೆ, ವಸ್ತುಪ್ರದರ್ಶನ ಹಾಕುತ್ತಾರೆ, ಅದರ ಜೊತೆಗೆ ತೊಟ್ಟಿಲು, ಕೊಲಂಬಸ್ ಅನ್ನುವ ತೂಗಾಡುವ ಹಡಗು, ಬ್ರೇಕ್ ಡ್ಯಾನ್ಸ್ ಅನ್ನುವ ಆಟ ಎಲ್ಲ ಬರುತ್ತವೆ. ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಜಾತ್ರೆಗೆ ಹೋಗಿದ್ದೆ. ದೊಡ್ಡ ತೊಟ್ಟಿಲಿನ ಮುಂದೆ ಊರುಗೋಲು ಊರಿಕೊಂಡು ನಿಂತಿದ್ದೆ. ತೊಟ್ಟಿಲು ತಿರುಗಿಸುವವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. "ಕೈ ಗಟ್ಟಿ ಇದೆಯೇನಣ್ಣ? ಹಿಡ್ಕೊಂತೀಯಾ?" ಅಂದ. ಹಿಡ್ಕೊಂತೀನಿ ಅಂದೆ. ಅವನ ಇಂಟರ್ವ್ಯೂ ಅಲ್ಲಿಗೆ ಮುಗಿಯಿತು. ಅವನೂ ಇನ್ನೊಬ್ಬ ಹುಡುಗನೂ ಸೇರಿ ಎತ್ತಿ ಕೂರಿಸಿಯೇಬಿಟ್ಟರು. ಊರುಗೋಲನ್ನು ಜನರೇಟರ್ ಪಕ್ಕಕ್ಕೆ ಒರಗಿಸಿದರು.

ತೊಟ್ಟಿಲಿನ ಅಡ್ಡಕ್ಕೆ ಒಂದು ಕಬ್ಬಿಣದ ಸರಳು. ಅದು ಜಾರದ ಹಾಗೆ ತೂತಿಗೆ ಒಂದು ಬಗ್ಗಿಸಿದ ಮೊಳೆ. ಇಷ್ಟೇ ಸೇಫ್ಟಿ. ಮೇಲೆ ಹೋದಾಗ, ಕೆಳಗೆ ಜನ ಹತ್ತಿಸಿಕೊಳ್ಳೋಕೆ ನಿಲ್ಲಿಸಿದರು. ಗಾಳಿಗೆ ತೊಟ್ಟಿಲು ಕಿರ್ರ್ ಅನ್ನುತ್ತಿತ್ತು. ಸಿದ್ಧಗಂಗೆ ಬೆಟ್ಟದ ದೀಪಗಳು, ಎತ್ತುಗಳ ಪೆಂಡಾಲು, ಹೈವೇ ಮೇಲಿನ ಲಾರಿಗಳು, ಎಲ್ಲ ಕಾಣುತ್ತಿದ್ದವು. ಇಳಿಯುವಾಗ ಎಲ್ಲರೂ ಕಾಲಿನಿಂದ ತಳವನ್ನು ಒತ್ತಿ ಮೈ ಬಿಗಿ ಹಿಡಿಯುತ್ತಾರಲ್ಲ, ನನಗೆ ಅದು ಆಗಲಿಲ್ಲ. ಕಾಲು ಅದರ ಪಾಡಿಗೆ ಅದು ತೂಗಾಡುತ್ತಿತ್ತು. ಸೊಂಟ ಸೀಟಿನಿಂದ ಮುಂದಕ್ಕೆ ಜಾರಿತು. ಇಡೀ ಮೈಭಾರ ಎರಡು ಕೈಗೆ ಬಂತು. ಕಿರುಚಿದೆ. ಎಲ್ಲರೂ ಕಿರುಚುತ್ತಿದ್ದರು, ಹಾಗಾಗಿ ನನ್ನ ಕಿರುಚಾಟ ನಿಜವಾದದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಇಳಿದ ಮೇಲೆ ಅಂಗೈಯಲ್ಲಿ ಸರಳಿನ ತುಕ್ಕು ಅಂಟಿತ್ತು. ಖುಷಿಯೂ ಆಗಿತ್ತು, ಸುಳ್ಳು ಹೇಳಲ್ಲ.

ವರ್ಷಗಳಾದ ಮೇಲೆ, ತಮ್ಮನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ, ಬೆಂಗಳೂರಿನ ಆಚೆಯ ಒಂದು ದೊಡ್ಡ ಪಾರ್ಕಿಗೆ ಹೋದೆವು. ತುಮಕೂರಿನಿಂದ ಬೆಳಿಗ್ಗೆ ಬೇಗ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯನ್ನು ಕಾರಿಗೇ ತರಿಸಿಕೊಂಡು ತಿಂದೆವು. ಪಾರ್ಕು ಚೆನ್ನಾಗಿತ್ತು. ದಾರಿಗಳು ಸಪಾಟು, ಗಿಡ ಮರ, ಎಲ್ಲೆಲ್ಲೂ ಚೊಕ್ಕಟ. ವೀಲ್‌ಚೇರ್ ತಳ್ಳೋಕೆ ನಮ್ಮ ಊರಿನ ಫುಟ್‌ಪಾತಿಗಿಂತ ನೂರು ಪಾಲು ಮೇಲು. ಹುಡುಗರ ಜೊತೆ ಒಂದು ರೈಡಿನ ಕ್ಯೂನಲ್ಲಿ ನಿಂತೆ. ಕಂಬಿಗಳು ಹಾವಿನ ಹಾಗೆ ತಿರುಗಿದ್ದವು. ಪ್ರತಿ ತಿರುವಿನಲ್ಲೂ ಹಿಂದೆ ಮುಂದೆ ಮಾಡಿ ಕುರ್ಚಿ ತಿರುಗಿಸಬೇಕು, ಹಿಂದಿನವರ ಕಾಲ್ಬೆರಳು ಕಾಯಬೇಕು. ಬಿಸಿಲಲ್ಲಿ ಇಡೀ ದಾರಿ ಸವೆಸಿ ಕೊನೆಗೆ ಗೇಟಿಗೆ ಬಂದರೆ ಅಲ್ಲಿದ್ದ ಹುಡುಗ ಬೋರ್ಡ್ ಕಡೆ ಬೆರಳು ತೋರಿಸಿದ. ಹೃದಯದ ತೊಂದರೆ ಇರುವವರು, ಬಿಪಿ ಇರುವವರು, ಗರ್ಭಿಣಿಯರು, ಬೆನ್ನುನೋವಿನವರು, ಅಂಗವಿಕಲರು. "ನಿಮಗೆ ಇಲ್ಲ ಸಾರ್."

"ಯಾಕಪ್ಪಾ?"

"ರೂಲ್ಸ್ ಸಾರ್."

"ಕೈ ಗಟ್ಟಿ ಇದೆ. ಹಿಡ್ಕೊಂತೀನಿ."

"ಸಾರ್, ವೀಲ್‌ಚೇರ್ ಇದ್ರೆ ಇಲ್ಲ ಸಾರ್. ಹಿಂದೆ ಜನ ಕಾಯ್ತಾ ಇದಾರೆ."

ಬಂದ ದಾರಿಯಲ್ಲೇ, ಅದೇ ಕಂಬಿಗಳ ನಡುವೆ, ಎದುರಿಗೆ ಬರುವವರನ್ನೆಲ್ಲ ಸರಿಸಿಕೊಂಡು ವಾಪಸ್. ತಮ್ಮನ ಮಗಳಿಗೆ ಸಿಟ್ಟು ಬಂದು ತಾನೂ ಹತ್ತದೆ ಬಂದಳು. ಅವಳನ್ನು ಬೈದು ಕಳಿಸಿದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದು ಈ ಬಗ್ಗೆ ಓದುತ್ತಾ ಹೋದಾಗ, ರೂಲ್ಸ್‌ನ ಹಿಂದೆ ಕಾರಣ ಇದೆ ಅಂತ ಗೊತ್ತಾಯಿತು. ರೋಲರ್ ಕೋಸ್ಟರ್ ತಿರುವಿನಲ್ಲಿ ಮೈಯನ್ನು ಪಕ್ಕಕ್ಕೆ ಎಸೆಯುತ್ತದೆ, ಇಳಿಜಾರಿನಲ್ಲಿ ಸೀಟಿನಿಂದ ಮೇಲಕ್ಕೆ ಎತ್ತುತ್ತದೆ. ಭುಜದ ಮೇಲೆ ಬರುವ ಕಂಬಿಯಾಗಲಿ, ತೊಡೆ ಮೇಲೆ ಒತ್ತುವ ಕಂಬಿಯಾಗಲಿ ಪೂರ್ತಿ ಕೆಲಸ ಮಾಡಬೇಕಾದರೆ ಒಳಗೆ ಕೂತವರ ಸೊಂಟ, ಬೆನ್ನು, ಕತ್ತು ಸ್ವಲ್ಪವಾದರೂ ಜೊತೆ ಕೊಡಬೇಕು. ತೊಡೆ ತೀರಾ ಸಣ್ಣಗಿದ್ದರೆ ಕಂಬಿಗೂ ಮೈಗೂ ನಡುವೆ ಜಾಗ ಉಳಿಯುತ್ತದೆ. ಜಾತ್ರೆ ತೊಟ್ಟಿಲಿನಲ್ಲಿ ನಾನು ಮುಂದಕ್ಕೆ ಜಾರಿದ್ದು ಇದಕ್ಕೇ. ಇನ್ನೊಂದು ಕಾರಣ ನನಗೆ ಹೊಳೆದೇ ಇರಲಿಲ್ಲ. ಕರೆಂಟು ಹೋಗಿಯೋ, ಸೆನ್ಸರ್ ಕೆಟ್ಟೋ ಕೋಸ್ಟರ್ ಮೇಲೆ ನಿಂತರೆ, ಹಳಿ ಪಕ್ಕದ ಕಬ್ಬಿಣದ ಮೆಟ್ಟಿಲಿನಲ್ಲಿ ಎಲ್ಲರೂ ನಡೆದು ಇಳಿಯಬೇಕು. ನನ್ನನ್ನು ಇಳಿಸುವವರು ಯಾರು, ಹೇಗೆ? ಅಲ್ಲಿ ನಾಲ್ಕು ಜನ ಎತ್ತುವ ಮದ್ದು ನಡೆಯುವುದಿಲ್ಲ.

ಹಾಗಾದರೆ ಪಾರ್ಕಿನವರು ಸರಿ, ಜಾತ್ರೆಯವನು ತಪ್ಪು ಅಂತೀರಾ? ನನಗೆ ಹಾಗನಿಸುವುದಿಲ್ಲ. ಜಾತ್ರೆಯವನ ಮೊಳೆ ತಪ್ಪು, ಪ್ರಶ್ನೆ ಸರಿ. ಅವನು ನನ್ನ ಕೈ ಬಗ್ಗೆ ಕೇಳಿದ. ಪಾರ್ಕಿನ ಬೋರ್ಡು ನನ್ನ ಕುರ್ಚಿ ನೋಡಿತು. ವೀಲ್‌ಚೇರಿನಲ್ಲಿ ಕೂತವರೆಲ್ಲ ಒಂದೇ ಅಲ್ಲ. ಒಬ್ಬನಿಗೆ ಕತ್ತೇ ನಿಲ್ಲುವುದಿಲ್ಲ, ಇನ್ನೊಬ್ಬ ತೋಳಿನ ಬಲದಲ್ಲಿ ಹಗ್ಗ ಹತ್ತುತ್ತಾನೆ. ಯಾವ ರೈಡಿಗೆ ಏನು ಬೇಕು ಅಂತ ಬಿಡಿಸಿ ಬರೆಯಬೇಕು. ಎರಡು ಕೈಯಲ್ಲಿ ಹಿಡಿಯಬೇಕಾ, ಒಂದು ಸಾಕಾ? ಬೆನ್ನು ನೆಟ್ಟಗೆ ನಿಲ್ಲಬೇಕಾ? ಕುರ್ಚಿಯಿಂದ ಸೀಟಿಗೆ ತಾನೇ ದಾಟಬೇಕಾ, ಜೊತೆಗಿರುವವರು ದಾಟಿಸಬಹುದಾ? ಕುರ್ಚಿ ಸಮೇತ ಹೋಗಬಹುದಾ? ಅಮೆರಿಕದ ಯೂನಿವರ್ಸಲ್ ಒರ್ಲಾಂಡೊ ಪಾರ್ಕಿನವರು ಹೀಗೆ ರೈಡ್‌ಗೊಂದು ವಿವರ ಬರೆದು ಪುಸ್ತಿಕೆ ಮಾಡಿ ವೆಬ್‌ಸೈಟಿನಲ್ಲೇ ಹಾಕಿದ್ದಾರೆ. ಕೆಲವು ರೈಡುಗಳ ಬಾಗಿಲಲ್ಲೇ ಒಂದು ಸ್ಯಾಂಪಲ್ ಸೀಟು ಇಟ್ಟಿರುತ್ತಾರೆ. ಕ್ಯೂಗೆ ನಿಲ್ಲುವ ಮುಂಚೆ ಅದರಲ್ಲಿ ಕೂತು, ಕಂಬಿ ಎಳೆದು ನೋಡಬಹುದು. ಆಗಲ್ಲ ಅಂತಾದರೆ ಅಲ್ಲೇ ಗೊತ್ತಾಗುತ್ತದೆ. ಬಿಸಿಲಲ್ಲಿ ಕಾದು, ನೂರು ಜನರ ಮುಂದೆ ವಾಪಸ್ ಬರಬೇಕಾಗಿಲ್ಲ. ಒಂದು ಹಳೇ ಸೀಟು ತಂದಿಡೋಕೆ ಎಷ್ಟು ಖರ್ಚು ಹೇಳಿ?

ಕ್ಯೂ ವಿಷಯದಲ್ಲಿ ನಮ್ಮವರ ಔದಾರ್ಯ ಇನ್ನೊಂದು ಥರ. "ನೀವ್ಯಾಕೆ ಸಾರ್ ಕ್ಯೂನಲ್ಲಿ ನಿಲ್ತೀರಾ? ಈ ಕಡೆ ಬನ್ನಿ" ಅಂತ ಹಿಂಬಾಗಿಲಿನಿಂದ ಕರೆದುಕೊಂಡು ಹೋಗುತ್ತಾರೆ. ದೇವಸ್ಥಾನದಲ್ಲೂ ಇದೇ. ತಮ್ಮನ ಮಕ್ಕಳಿಗೆ ಇದು ಬಹಳ ಇಷ್ಟ. "ದೊಡ್ಡಪ್ಪ ಇದ್ರೆ ಕ್ಯೂ ಇಲ್ಲ" ಅಂತ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಡಿಸ್ನಿ ಪಾರ್ಕುಗಳಲ್ಲೂ ಹಿಂದೆ ಇಂಥದ್ದೇ ಒಂದು ಕಾರ್ಡ್ ಇತ್ತು. ದುಡ್ಡಿದ್ದವರು ಕ್ಯೂ ತಪ್ಪಿಸೋಕೆ ಅಂಗವಿಕಲರನ್ನು ದಿನಗೂಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಅಂತ 2013ರಲ್ಲಿ ದೊಡ್ಡ ಸುದ್ದಿ ಆಯಿತು. ಅದೇ ವರ್ಷ ಆ ಕಾರ್ಡ್ ತೆಗೆದು, ಹೊತ್ತು ಗೊತ್ತು ಮಾಡಿ ಕಳಿಸುವ ಪದ್ಧತಿ ತಂದರು. 2024ರಲ್ಲಿ ಅದನ್ನೂ ಬಿಗಿ ಮಾಡಿ, ಮುಖ್ಯವಾಗಿ ಆಟಿಸಂನಂಥ ತೊಂದರೆಯಿಂದ ಕ್ಯೂನಲ್ಲಿ ಕಾಯಲಾಗದವರಿಗೆ ಅಂತ ಮಾಡಿದರು. ಬರೀ ವೀಲ್‌ಚೇರ್ ಇರುವವರು ಎಲ್ಲರ ಜೊತೆ ಮಾಮೂಲಿ ಕ್ಯೂನಲ್ಲೇ ಹೋಗಬೇಕು, ಯಾಕಂದರೆ ಅಲ್ಲಿನ ಬಹುಪಾಲು ಕ್ಯೂಗಳು ಕುರ್ಚಿ ಹಿಡಿಸುವಷ್ಟು ಅಗಲ ಇವೆ. ಅಲ್ಲಿನವರು ಇದರ ಬಗ್ಗೆ ಬೇಕಾದಷ್ಟು ಜಗಳ ಆಡುತ್ತಿದ್ದಾರೆ. ನನಗೆ ಮಾತ್ರ ಅಗಲವಾದ ಕ್ಯೂ ಸಿಕ್ಕರೆ ಹಿಂಬಾಗಿಲು ಬೇಡ. ಕ್ಯೂನಲ್ಲಿ ನಿಂತು ಬೇಜಾರು ಪಡುವುದೂ ಪಾರ್ಕಿಗೆ ಹೋದದ್ದರ ಒಂದು ಭಾಗ ಅಲ್ವಾ? ಹುಡುಗರ ವೋಟು ಬೇರೆ ಕಡೆ ಬೀಳುತ್ತದೆ, ಅದೂ ಗೊತ್ತು.

ಕುರ್ಚಿಯಿಂದ ಸೀಟಿಗೆ ದಾಟುವುದು ಅಂದೆನಲ್ಲ, ನೋಡುವವರಿಗೆ ಅದು ಸುಮ್ನೆ ಒಂದು ಜಿಗಿತ. ಮಾಡುವವನಿಗೆ ಲೆಕ್ಕ. ಪಾರ್ಕಿಗೆ ಹೋದ ಆ ದಿನ ನನಗೆ ಸಿಕ್ಕಿದ್ದು ಮಕ್ಕಳ ಒಂದು ಪುಟಾಣಿ ರೈಲು. ಕುರ್ಚಿಯನ್ನು ಬೋಗಿಗೆ ಓರೆಯಾಗಿ ನಿಲ್ಲಿಸಿದೆ. ಎರಡೂ ಬ್ರೇಕ್ ಹಾಕಿದೆ. ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಚಿದೆ. ಮೊದಲು ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಬೋಗಿಯೊಳಗೆ ಇಟ್ಟೆ. ಒಂದು ಕೈ ಕುರ್ಚಿ ಮೇಲೆ, ಇನ್ನೊಂದು ಬೋಗಿಯ ಅಂಚಿನ ಮೇಲೆ. ನಡುವೆ ಒಂದು ಗೇಣು ಸಂದು. ಬೋಗಿಯ ಸೀಟು ನನ್ನ ಕುರ್ಚಿಗಿಂತ ಮೊಣಕೈಯುದ್ದ ಕೆಳಗೆ. ಇಳಿಯುವುದು ಸುಲಭ, ವಾಪಸ್ ಹತ್ತುವಾಗ ಭುಜ ಕೂಗುತ್ತದೆ. ಅಲ್ಲಿದ್ದ ಹುಡುಗಿ ಮುಟ್ಟಲಿಲ್ಲ, ಅವಸರ ಮಾಡಲಿಲ್ಲ. "ಹೇಗ್ ಹಿಡೀಲಿ ಸಾರ್, ಹೇಳಿ" ಅಂದಳು ಅಷ್ಟೇ. ಕುರ್ಚಿಯನ್ನು ಗಟ್ಟಿಯಾಗಿ ಒತ್ತಿ ಹಿಡ್ಕೋ ಸಾಕು ಅಂದೆ. ರೈಲು ಇಳಿಯುವ ಕಡೆಗೆ ಬರುವ ಹೊತ್ತಿಗೆ ಅವಳೇ ಕುರ್ಚಿಯನ್ನು ತಂದು ಅದೇ ಓರೆಯಲ್ಲಿ ನಿಲ್ಲಿಸಿದ್ದಳು. ಇಂಥ ಕೆಲಸಗಾರರು ಇರುವ ಕಡೆ ಕಟ್ಟಡ ಸ್ವಲ್ಪ ಕೆಟ್ಟದಿದ್ದರೂ ನಡೆಯುತ್ತದೆ.

ಟಾಯ್ಲೆಟ್‌ಗೆ ಮಾತ್ರ ಈ ಮಾತು ನಡೆಯುವುದಿಲ್ಲ. ಅಲ್ಲಿ ಯಾರ ಒಳ್ಳೆತನವೂ ಸಹಾಯಕ್ಕೆ ಬರುವುದಿಲ್ಲ. ಮಡಚುವ ಕುರ್ಚಿಯ ಅಗಲ ಸುಮಾರು 65 ಸೆಂಟಿಮೀಟರ್. ಗಾಲಿ ತಳ್ಳುವ ಕೈಗೆ ಅತ್ತ ಇತ್ತ ಜಾಗ ಬೇಕು. ಅದಕ್ಕೇ ಬಾಗಿಲು ತೆರೆದಾಗ 90 ಸೆಂಟಿಮೀಟರ್ ಸಿಗಬೇಕು ಅನ್ನುವುದು. ನಮ್ಮಲ್ಲಿ ಬಹಳ ಕಡೆ ಎರಡೂವರೆ ಅಡಿ ಬಾಗಿಲು ಇಟ್ಟು, ಅದರ ಮೇಲೆ ವೀಲ್‌ಚೇರ್ ಚಿತ್ರ ಅಂಟಿಸಿರುತ್ತಾರೆ. ಬೆರಳಿನ ಗೆಣ್ಣು ತರಚಿಕೊಂಡು ಒಳಗೆ ಹೋದರೆ, ಬಾಗಿಲು ಒಳಕ್ಕೆ ತೆರೆಯುವುದರಿಂದ ಮುಚ್ಚೋಕೆ ಆಗಲ್ಲ. ಎಷ್ಟೋ ಕಡೆ ಬೀಗ. ಕೀ ಸೂಪರ್‌ವೈಸರ್ ಹತ್ತಿರ, ಸೂಪರ್‌ವೈಸರ್ ಊಟಕ್ಕೆ. ಬೀಗ ತೆಗೆಸಿದರೆ ಒಳಗೆ ಬಕೆಟ್ಟು, ಪೊರಕೆ, ಫಿನಾಯಿಲ್ ಕ್ಯಾನು. ಪಾಪ, ಅವರಿಗೂ ಇಡೋಕೆ ಬೇರೆ ಜಾಗ ಇಲ್ಲ. ಹೊರಗೆ ಹೋಗುವ ದಿನ ನನ್ನಂಥ ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬಿಸಿಲಿನ ಪಾರ್ಕಿನಲ್ಲಿ ಇದು ಅಪಾಯ. ಆದರೂ ಕುಡಿಯುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 21 ಬಗೆಯ ಅಂಗವೈಕಲ್ಯ ಅದರಲ್ಲಿ ಬರುತ್ತದೆ. ಸಾರ್ವಜನಿಕ ಕಟ್ಟಡ ಅಂದರೆ ಏನು ಅಂತ ಹೇಳುವಾಗ ಸರ್ಕಾರದ್ದು, ಖಾಸಗಿಯದ್ದು ಎರಡನ್ನೂ ಸೇರಿಸಿದೆ. ಆಸ್ಪತ್ರೆ, ಶಾಲೆ, ದೇವಸ್ಥಾನ ಮಾತ್ರವಲ್ಲ, ಬಿಡುವಿನ ಹೊತ್ತು ಕಳೆಯುವ, ಮನರಂಜನೆಯ ಜಾಗಗಳೂ ಅದರೊಳಗೆ ಬರುತ್ತವೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷ ಆಯಿತು. ಆಸ್ಪತ್ರೆಗೆ ರ‍್ಯಾಂಪ್ ಬೇಕು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೊಲಂಬಸ್‌ಗೆ ರ‍್ಯಾಂಪ್ ಬೇಕು ಅಂದರೆ "ಇವನಿಗ್ಯಾಕೆ ಬೇಕಿತ್ತು ಇದೆಲ್ಲ" ಅನ್ನುವ ಮುಖ ಮಾಡುತ್ತಾರೆ. ಕಾಯ್ದೆ ಬರೆದವರು ಆ ಮುಖ ಮಾಡಲಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅನ್ನುವವರು ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆ ಕಾಯ್ದೆಯ ಕೆಳಗೆ ಬಂದ 2017ರ ನಿಯಮಗಳಲ್ಲಿ ಇರುವುದು ಬರೀ ಸಲಹೆಯಂಥ ಮಾರ್ಗಸೂಚಿ, ಅದು ಸಾಲದು, ಮಾಡಲೇಬೇಕಾದ ಕನಿಷ್ಠ ಮಾನದಂಡ ತನ್ನಿ ಅಂತ ಕೇಂದ್ರಕ್ಕೆ ಮೂರು ತಿಂಗಳು ಗಡುವು ಕೊಟ್ಟಿತು. ಮಾಡಿದರೆ ಒಳ್ಳೆಯದು ಅನ್ನುವುದಕ್ಕೂ ಮಾಡಲೇಬೇಕು ಅನ್ನುವುದಕ್ಕೂ ಇರುವ ದೂರ ಎಷ್ಟು ಅಂತ ನಮ್ಮೂರಿನ ಯಾವ ಕಾಂಪ್ಲೆಕ್ಸ್ ಮುಂದೆ ನಿಂತರೂ ತಿಳಿಯುತ್ತದೆ.

ರ‍್ಯಾಂಪ್ ಅಂದಾಗ ನೆನಪಾಯಿತು. ಅಳತೆ ಸರಳ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅರ್ಧ ಅಡಿಯ ಒಂದು ಮೆಟ್ಟಿಲಿಗೆ ಆರು ಅಡಿ, ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಮೇಸ್ತ್ರಿಗಳು ಮೂರು ಮೆಟ್ಟಿಲಿನ ಮೇಲೇ ಸಿಮೆಂಟು ಸುರಿದು ಜಾರುಬಂಡೆ ಮಾಡಿ, ಅದರ ಮೇಲೆ ಥಳಥಳ ಹೊಳೆಯುವ ಗ್ರಾನೈಟ್ ಹಾಸುತ್ತಾರೆ. ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಒದ್ದೆ ಆದರಂತೂ ತಳ್ಳುವವರೂ ಜಾರುತ್ತಾರೆ. ನೀರಿನ ಆಟ ಇರುವ ಪಾರ್ಕಿನಲ್ಲಿ ಒದ್ದೆ ಆಗದ ನೆಲ ಯಾವುದಿದೆ?

ನನ್ನ ಪ್ರಕಾರ ಇಡೀ ವಾಟರ್ ಪಾರ್ಕಿನಲ್ಲಿ ಅತ್ಯುತ್ತಮ ರ‍್ಯಾಂಪ್ ಯಾವುದು ಗೊತ್ತಾ? ವೇವ್ ಪೂಲ್. ಸಮುದ್ರದ ದಡದ ಹಾಗೆ ಮೆಲ್ಲಗೆ ಇಳಿಜಾರು, ಒಂದೇ ಒಂದು ಮೆಟ್ಟಿಲಿಲ್ಲ. ಯಾರೂ ನನಗೆ ಅಂತ ಕಟ್ಟಿದ್ದಲ್ಲ, ಅಲೆ ಏಳಲಿ ಅಂತ ಕಟ್ಟಿದ್ದು. ಆದರೆ ಅದರೊಳಗೆ ಕುರ್ಚಿ ಬಿಡುವುದಿಲ್ಲ. ಬಿಟ್ಟರೂ ನನ್ನ ಕುರ್ಚಿಯ ಬೇರಿಂಗ್ ಕ್ಲೋರಿನ್ ನೀರಿಗೆ ತಡೆಯುವುದಿಲ್ಲ. ನಾನು ನೀರಿನ ಅಂಚಿನವರೆಗೆ ಹೋಗಿ, ಕೆಳಗಿಳಿದು, ಕೂತುಕೊಂಡೇ ಹಿಂದು ಹಿಂದಾಗಿ ತೆವಳಿಕೊಂಡು ಹೋದೆ. ಜನ ನೋಡಿದರು, ನೋಡಲಿ. ಸೊಂಟದವರೆಗೆ ನೀರು ಬಂದ ಮೇಲೆ ಕಾಲಿಗೆ ಭಾರವೇ ಇಲ್ಲ. ಅಲೆ ಬಂದಾಗ ಎಲ್ಲರ ಕಾಲೂ ನೆಲ ಬಿಡುತ್ತದೆ. ಎದೆಮಟ್ಟದ ನೀರಿನಲ್ಲಿ ತಮ್ಮ ನನ್ನ ಭುಜ ಹಿಡಿದು ನಿಂತಿದ್ದ. ಒಂದು ದೊಡ್ಡ ಅಲೆಗೆ ಅವನೇ ಮೊದಲು ಮಗುಚಿಬಿದ್ದು, ಮೂಗಿಗೆ ನೀರು ಹೋಗಿ ಕೆಮ್ಮುತ್ತಿದ್ದ. ನಾನು ಅವನ ಬೆನ್ನು ತಟ್ಟಬೇಕಾಯಿತು.

ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ಗಾರ್ಡನ್ ಹಾರ್ಟ್‌ಮನ್ ಅನ್ನುವವರು ತಮ್ಮ ಮಗಳು ಮಾರ್ಗನ್‌ಗೆ ಬೇರೆ ಮಕ್ಕಳ ಜೊತೆ ಆಡೋಕೆ ಆಗುತ್ತಿಲ್ಲ ಅಂತ ನೋಡಿ, 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅನ್ನುವ ಪಾರ್ಕ್ ತೆರೆದರು. ತಿರುಗುವ ಕುದುರೆಗಳ ಆಟಕ್ಕೂ ವೀಲ್‌ಚೇರ್ ಸಮೇತ ಹೋಗಬಹುದು. ಅಂಗವಿಕಲರಿಗೆ ಟಿಕೆಟ್ ದುಡ್ಡಿಲ್ಲ, ಪುಕ್ಕಟೆ. 2017ರಲ್ಲಿ ಪಕ್ಕದಲ್ಲೇ ನೀರಿನ ಪಾರ್ಕ್ ಮಾಡಿದರು. ಅಲ್ಲಿ ನೀರಿಗೆ ಅಂತಲೇ ಬೇರೆ ಕುರ್ಚಿಗಳಿವೆ. ಅದರಲ್ಲಿ ಕೆಲವು ಮೋಟಾರ್ ಕುರ್ಚಿಗಳು ಬ್ಯಾಟರಿ ಬದಲು ಒತ್ತಿ ತುಂಬಿದ ಗಾಳಿಯಲ್ಲಿ ಓಡುತ್ತವೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ನೀರಿಗೂ ಕರೆಂಟಿಗೂ ಆಗಿಬರುವುದಿಲ್ಲ, ಗಾಳಿಗೆ ಆ ಭಯವಿಲ್ಲ. ಲಾರಿಯ ಏರ್ ಬ್ರೇಕ್ ರಿಪೇರಿ ಮಾಡುವ ನಮ್ಮ ಅಂತರಸನಹಳ್ಳಿ ಕಡೆಯ ಮೆಕ್ಯಾನಿಕ್ಕುಗಳಿಗೆ ಕೊಟ್ಟರೆ ಇಂಥದ್ದನ್ನು ಮಾಡಲಾರರಾ ಅಂತ ನನ್ನ ಅನುಮಾನ. ಗಾಳಿ ಕುರ್ಚಿ ಬೇಡ ಬಿಡಿ. ತುಕ್ಕು ಹಿಡಿಯದ ಪ್ಲಾಸ್ಟಿಕ್ ಪೈಪಿನ ಕುರ್ಚಿಯೊಂದು ಪೂಲಿನ ಪಕ್ಕ ಇದ್ದರೂ ನಾನು ತೆವಳಬೇಕಾಗಿರಲಿಲ್ಲ.

ದೊಡ್ಡ ತೊಟ್ಟಿಲಿಗೂ ಇಂಥದ್ದೇ ಉತ್ತರ ಇದೆ. ಲಂಡನ್ ಐ 135 ಮೀಟರ್ ಎತ್ತರದ ತೊಟ್ಟಿಲು, 2000ದಲ್ಲಿ ಜನರಿಗೆ ತೆರೆದದ್ದು. ಅದರ ಗಾಜಿನ ಗೂಡಿನ ನೆಲವೂ ಹತ್ತುವ ಕಟ್ಟೆಯೂ ಒಂದೇ ಮಟ್ಟ. ಮಾಮೂಲಿಯಾಗಿ ಅದು ನಿಲ್ಲುವುದೇ ಇಲ್ಲ, ಅಷ್ಟು ನಿಧಾನ. ವೀಲ್‌ಚೇರ್ ಬಂದರೆ ನಿಧಾನ ಮಾಡಿಯೋ ನಿಲ್ಲಿಸಿಯೋ ಹತ್ತಿಸಿಕೊಳ್ಳುತ್ತಾರೆ. ಎತ್ತುವ ಮಾತೇ ಇಲ್ಲ. ಕುರ್ಚಿಯಲ್ಲೇ ಕೂತು ಊರು ನೋಡಿ ಇಳಿಯಬಹುದು.

ನಮ್ಮ ಸುತ್ತಮುತ್ತ ರಜೆ ಬಂತು ಅಂದರೆ ಜನ ಹೋಗುವ ಜಾಗಗಳ ಕಥೆ ಒಂದೊಂದು ಥರ. ದೇವರಾಯನದುರ್ಗಕ್ಕೆ ಕಾರು ಹತ್ತುತ್ತದೆ, ಆಮೇಲೆ ಮೆಟ್ಟಿಲು. ನಂದಿ ಬೆಟ್ಟದಲ್ಲೂ ಕಾರಿನಲ್ಲಿ ಮೇಲೆ ಹೋಗಬಹುದು, ಆಮೇಲೆ ಕಲ್ಲು. ಚಿಕ್ಕಬಳ್ಳಾಪುರದ ಆವಲಗುರ್ಕಿಯ ಆದಿಯೋಗಿ 112 ಅಡಿ, ದೂರದಿಂದ ಕೂತಲ್ಲೇ ಕಾಣುತ್ತದೆ. ಕೋಲಾರದ ಕಮ್ಮಸಂದ್ರದ ಕೋಟಿಲಿಂಗದಲ್ಲೂ 108 ಅಡಿಯ ಲಿಂಗ ಇದೆ. ಮೂರ್ತಿ ದೊಡ್ಡದಾದಷ್ಟೂ ನನ್ನಂಥವರಿಗೆ ಲಾಭ, ಜನರ ಬೆನ್ನು ಅಡ್ಡ ಬರುವುದಿಲ್ಲ. ಊರೊಳಗಿನ ಪಾರ್ಕುಗಳದ್ದು ಬೇರೆ ಗೋಳು. ದನ, ಬೈಕು ನುಗ್ಗಬಾರದು ಅಂತ ಎಷ್ಟೋ ಪಾರ್ಕಿನ ಬಾಗಿಲಲ್ಲಿ ಒಬ್ಬರೇ ನುಸುಳುವ ಹಾಗೆ ಕಂಬಿ ನೆಟ್ಟಿರುತ್ತಾರೆ. ದನ ಹೇಗೋ ಒಳಗೆ ಬರುತ್ತದೆ. ನಾನು ಹೊರಗೆ.

ನೀವು ಮನೆಯವರನ್ನು ವೀಲ್‌ಚೇರಿನಲ್ಲಿ ಕರೆದುಕೊಂಡು ಹೋಗುವವರಾದರೆ ಕೆಲವು ಮಾತು. ಭಾನುವಾರ ಬೇಡ, ಸ್ಕೂಲುಗಳು ಬಸ್ಸಿನಲ್ಲಿ ಬರುವ ಡಿಸೆಂಬರ್ ಬೇಡ. ಫೋನಿನಲ್ಲಿ "ವ್ಯವಸ್ಥೆ ಇದೆಯಾ" ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಟಾಯ್ಲೆಟ್ ಬಾಗಿಲಿನ ಫೋಟೊ ಕಳಿಸಿ ಅನ್ನಿ. ಗಾಳಿ ಪಂಪು, ಒಂದು ಸ್ಪೇರ್ ಟ್ಯೂಬು ಕಾರಿನಲ್ಲಿರಲಿ. ಮಧ್ಯಾಹ್ನದ ಬಿಸಿಲಿಗೆ ಕುರ್ಚಿಯ ಕಬ್ಬಿಣ ಮುಟ್ಟೋಕಾಗಲ್ಲ, ಒದ್ದೆ ಟವೆಲ್ ಹಾಕಿಡಿ. ಚರಂಡಿಯ ಜಾಲರಿ ಬಂದಾಗ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ಕುರ್ಚಿಯನ್ನು ತಿರುಗಿಸಿ, ದೊಡ್ಡ ಗಾಲಿ ಮೊದಲು ದಾಟಿಸಿ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಹಿಡಿಗೆ ಎಲ್ಲರ ಬ್ಯಾಗೂ ನೇತುಹಾಕಬೇಡಿ. ಕೂತವರು ಎದ್ದ ತಕ್ಷಣ ಕುರ್ಚಿ ಹಿಂದಕ್ಕೆ ದಬಕ್ ಅಂತ ಬೀಳುತ್ತದೆ.

ನಮ್ಮ ಮನೆಯಲ್ಲಿ ಬ್ಯಾಗಿನ ಉಸ್ತುವಾರಿ ನನ್ನ ಹೆಂಡತಿಯದ್ದು. ಯಾವ ಪಾರ್ಕಿಗೆ ಹೋದರೂ, ಯಾವ ಜಾತ್ರೆಗೆ ಹೋದರೂ, ನಾನು ಹತ್ತಲಾಗದ ಆಟದ ಮುಂದೆ ಅವಳೂ ನನ್ನ ಪಕ್ಕದಲ್ಲೇ ಬ್ಯಾಗ್ ಹಿಡಿದು ನಿಲ್ಲುತ್ತಾಳೆ. "ನನಗೆ ತಲೆ ಸುತ್ತುತ್ತೆ" ಅನ್ನುತ್ತಾಳೆ. ನಾನು ನಂಬಿಕೊಂಡು ಬಂದಿದ್ದೆ. ಅಮೆರಿಕದ ಪಾರ್ಕುಗಳಲ್ಲಿ ಒಬ್ಬರು ಆಡಿ ಬಂದ ಮೇಲೆ, ಕಾಯುತ್ತಾ ಇದ್ದ ಇನ್ನೊಬ್ಬರನ್ನು ಮತ್ತೆ ಕ್ಯೂ ಇಲ್ಲದೆ ಹತ್ತಿಸುವ ಪದ್ಧತಿ ಇದೆ ಅಂತ ಓದಿ ಹೇಳಿದಾಗ, "ಹೌದಾ?" ಅಂತ ಸ್ವಲ್ಪ ಜಾಸ್ತಿಯೇ ಆಸಕ್ತಿ ತೋರಿಸಿದಳು. ಪಾರ್ಕಿಗೆ ಹೋದ ಆ ದಿನ ಸಂಜೆ ಕೊಲಂಬಸ್ ಥರದ ದೊಡ್ಡ ಹಡಗಿನ ಮುಂದೆ ತಮ್ಮನ ಮಗಳು ಅವಳ ಕೈ ಹಿಡಿದು ಎಳೆದಳು. ಎಲ್ಲ ಬ್ಯಾಗು, ಚಪ್ಪಲಿ, ಕನ್ನಡಕ, ಅರ್ಧ ಕುಡಿದ ಮಜ್ಜಿಗೆ ಪ್ಯಾಕೆಟ್ಟು ನನ್ನ ತೊಡೆ ಮೇಲೆ ಬಂದವು. ಹಡಗು ಮೇಲೆ ಹೋದಾಗಲೆಲ್ಲ ಅವಳ ದನಿ ಬೇರೆಯಾಗಿ ಕೇಳುತ್ತಿತ್ತು, ಅಷ್ಟು ಜೋರು. ಇಳಿದು ಬಂದವಳ ಜಡೆ ಬಿಚ್ಚಿಹೋಗಿತ್ತು. ತಲೆ ಸುತ್ತಿತಾ ಅಂತ ಕೇಳಿದೆ.

"ಇಲ್ಲ ರೀ. ಬ್ಯಾಗ್ ಇನ್ನೊಂಚೂರ್ ಹೊತ್ತು ಹಿಡ್ಕೊಂಡಿರಿ, ಮತ್ತೊಂದ್ ಸಲ ಹೋಗ್ ಬರ್ತೀನಿ."